ನಾಲ್ಕು ಚೆಸ್ ಗಡಿಯಾರ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ: ದುಡ್ಡು ಹೊಂದುವುದಾದರೆ ಡಿಜಿಟಿ 2010 ಎಂಬ ಡಿಜಿಟಲ್ ಗಡಿಯಾರ ತಗೊಳ್ಳಿ. ನಾನು ಅದರ ಬೆಲೆ ನೋಡಿ ಹಿಂದೆ ಸರಿದು ಅಗ್ಗದ್ದೊಂದು ತಂದೆ. ಅದರ ದಂಡ ಕಟ್ಟಿದ್ದು ನನ್ನ ಮಗಳು, ಹಾಸನದಲ್ಲಿ ಒಂದು ಭಾನುವಾರದ ಟೂರ್ನಿಯಲ್ಲಿ.

ನಮ್ಮದು ಚಿಕ್ಕಮಗಳೂರು. ಸಂಜೆ ಹೊತ್ತು ಬೀದಿಯ ಐದಾರು ಮಕ್ಕಳು ನಮ್ಮ ಜಗಲಿಯಲ್ಲಿ ಚೆಸ್ ಆಡುತ್ತಾರೆ. ಚೆಸ್ ಗಡಿಯಾರದಲ್ಲಿ ಇಬ್ಬರಿಗೂ ಬೇರೆ ಬೇರೆ ಟೈಮ್. ನಡೆ ಆದ ಮೇಲೆ ಒತ್ತಿದರೆ ತನ್ನದು ನಿಂತು ಎದುರಾಳಿಯದು ಓಡುತ್ತದೆ. ಎರಡು ವರ್ಷದಲ್ಲಿ ಕೀ ಕೊಡುವ ಹಳೇ ಗಡಿಯಾರ, ಮೊಬೈಲ್, ಆನ್‌ಲೈನಿನ ಅಗ್ಗದ ಡಿಜಿಟಲ್, ಕೊನೆಗೆ ಡಿಜಿಟಿ, ಇಷ್ಟೂ ಆ ಜಗಲಿಯ ಮೇಲೆ ಬಂದು ಹೋಗಿವೆ.

ಮೊಬೈಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆ್ಯಪ್ ಪುಕ್ಕಟೆ ಸಿಗುತ್ತದೆ, ಲೆಕ್ಕವೂ ಸರಿಯಾಗಿರುತ್ತದೆ. ಆದರೆ ಆಟದ ನಡುವೆ ಫೋನ್ ಬಂದರೆ ಅಲ್ಲಿಗೆ ಆಟ ಕೆಟ್ಟಿತು. ಟೂರ್ನಿಯಲ್ಲಂತೂ ಆರ್ಬಿಟರ್ (ತೀರ್ಪುಗಾರರು) ಒಪ್ಪಿಗೆಯಿಲ್ಲದೆ ಮೊಬೈಲ್ ಜೇಬಲ್ಲಿದ್ದರೂ ಆಟ ಹೋಗುತ್ತದೆ.

ಕೀ ಕೊಡುವ ಗಡಿಯಾರ ನನಗೆ ತೋಟದ ಹಿರಿಯರೊಬ್ಬರು ಕೊಟ್ಟದ್ದು. ಮರದ ಪೆಟ್ಟಿಗೆಯಲ್ಲಿ ಎರಡು ಮುಖ. ಅರ್ಧ ಗಂಟೆಯ ಆಟಕ್ಕೆ ಮುಳ್ಳು ಐದೂವರೆಗೆ ಇಡಬೇಕು, ಆರಕ್ಕೆ ಟೈಮ್ ಮುಗಿಯುವ ಹಾಗೆ. ಕೊನೆಯ ಕೆಲವು ನಿಮಿಷಗಳಲ್ಲಿ ದೊಡ್ಡ ಮುಳ್ಳು ಒಂದು ಪುಟ್ಟ ಕೆಂಪು ಬಾವುಟವನ್ನು ಮೆಲ್ಲಗೆ ಎತ್ತುತ್ತಾ ಹೋಗುತ್ತದೆ. ಹನ್ನೆರಡಕ್ಕೆ ಬಂದದ್ದೇ ಟಪ್ಪನೆ ಬೀಳುತ್ತದೆ. ‘ಫ್ಲ್ಯಾಗ್ ಬಿತ್ತು’ ಅಂತ ಯಾಕೆ ಅನ್ನುತ್ತಾರೆ ಎಂಬುದು ನಮ್ಮ ಮಕ್ಕಳಿಗೆ ಅದನ್ನು ನೋಡಿದ ಮೇಲೆಯೇ ಗೊತ್ತಾಯಿತು. ಬ್ಯಾಟರಿ ಬೇಡ, ಚಾರ್ಜು ಬೇಡ. ಜುಲೈ ಮಳೆಗೆ ಕರೆಂಟ್ ಹೋಗಿ ಮೇಣದ ಬತ್ತಿ ಹಚ್ಚಿಕೊಂಡು ಕೂತಾಗ ಅದರ ಟಿಕ್ ಟಿಕ್ ಕೇಳುತ್ತಾ ಆಡುವ ಸುಖವೇ ಬೇರೆ.

ಆದರೆ ಈಗಿನ ಆಟಕ್ಕೆ ಅದು ಸಾಲದು. ಪ್ರತಿ ನಡೆಗೂ ಇಷ್ಟು ಸೆಕೆಂಡ್ ಸೇರಿಸುತ್ತಾ ಹೋಗುವ ಇನ್‌ಕ್ರಿಮೆಂಟ್ ಪದ್ಧತಿಗೆ ಮಾಜಿ ವಿಶ್ವ ಚಾಂಪಿಯನ್ ಬಾಬಿ ಫಿಷರ್ 1989ರಲ್ಲಿ ಪೇಟೆಂಟ್ ಪಡೆದ, 1992ರಲ್ಲಿ ಹಳೇ ಎದುರಾಳಿ ಸ್ಪಾಸ್ಕಿ ಜೊತೆ ಆಡಿದಾಗ ಅಂಥದ್ದೇ ಗಡಿಯಾರ ಇಟ್ಟುಕೊಂಡು ಆಡಿದ. ಇವತ್ತು ವಿಶ್ವ ರ‍್ಯಾಪಿಡ್ ಎಂಬ ವೇಗದ ಚೆಸ್ ಪಂದ್ಯಾವಳಿ ನಡೆಯುವುದೂ 15 ನಿಮಿಷ, ಜೊತೆಗೆ ನಡೆಗೆ 10 ಸೆಕೆಂಡ್ ಲೆಕ್ಕದಲ್ಲಿ. ನಲವತ್ತು ನಡೆ ಆಡಿದರೆ 6 ನಿಮಿಷ 40 ಸೆಕೆಂಡ್ ಹೆಚ್ಚಿಗೆ ಸಿಕ್ಕಂತಾಯಿತು. ಮುಳ್ಳಿನ ಗಡಿಯಾರಕ್ಕೆ ಇದು ಸಾಧ್ಯವಿಲ್ಲ. ಉಳಿದಿರುವುದು ಇಪ್ಪತ್ತು ಸೆಕೆಂಡೋ ಐವತ್ತೋ ಎಂದು ಅದರ ಮುಖ ನೋಡಿ ಹೇಳಲೂ ಆಗುವುದಿಲ್ಲ.

ಹಾಗಾಗಿ ಅಗ್ಗದ ಡಿಜಿಟಲ್ ತಂದದ್ದು. ಹೆಸರಿಲ್ಲದ ಮಾಲು, ಸಾವಿರದ ಚಿಲ್ಲರೆ. ಇನ್‌ಕ್ರಿಮೆಂಟ್ ಇದೆ, ಅಂಕಿ ದೊಡ್ಡದಾಗಿ ಕಾಣುತ್ತದೆ. ತಲೆಯ ಮೇಲೆ ಎರಡು ಬಿಡಿ ರಬ್ಬರ್ ಗುಂಡಿ. ತೊಂದರೆಯೆಲ್ಲ ಆ ಗುಂಡಿಗಳದ್ದೇ. ಬೆರಳು ನಟ್ಟನಡುವೆ ಬಿದ್ದರೆ ಸರಿ. ಅಂಚಿಗೆ ಬಿದ್ದರೂ ಗುಂಡಿ ಒಳಗೆ ಹೋಗುತ್ತದೆ, ಟೈಮ್ ಮಾತ್ರ ಬದಲಾಗುವುದಿಲ್ಲ. ಕೈ ತೆಗೆದ ಮೇಲೆ ಎರಡೂ ಗುಂಡಿ ಒಂದೇ ಎತ್ತರಕ್ಕೆ ಬಂದು ನಿಲ್ಲುವುದರಿಂದ ಓಡುತ್ತಿರುವುದು ಯಾರ ಟೈಮ್ ಎಂದು ತಿಳಿಯಲು ಪರದೆಯನ್ನೇ ನೋಡಬೇಕು.

ಹಾಸನದಲ್ಲಿ ಆದದ್ದು ಇದೇ. ಬೋರ್ಡಿನ ಮೇಲೆ ಮಗಳಿಗೆ ಒಂದು ಆನೆ, ಎರಡು ಪಾನ್ (ಕಾಲಾಳು). ಎದುರಿನ ಹುಡುಗನಿಗೆ ರಾಜ ಮತ್ತು ಒಂದು ಪಾನ್. ಅವಳ ಟೈಮ್ ಒಂದು ನಿಮಿಷದ ಮೇಲಿತ್ತು. ಆನೆ ನಡೆಸಿದಳು, ಅದೇ ಕೈಯಲ್ಲಿ ಗಡಿಯಾರ ಒತ್ತಿದಳು, ಗಲ್ಲಕ್ಕೆ ಎರಡೂ ಕೈ ಕೊಟ್ಟು ಬೋರ್ಡ್ ನೋಡುತ್ತಾ ಕೂತಳು. ಎದುರಾಳಿ ಯೋಚಿಸುವ ಹೊತ್ತಿನಲ್ಲಿ ಗಡಿಯಾರ ನೋಡಬೇಡ, ಬೋರ್ಡ್ ನೋಡು ಎಂದು ಹೇಳಿಕೊಟ್ಟವನು ನಾನೇ. ಓಡುತ್ತಿದ್ದದ್ದು ಅವಳ ಟೈಮೇ. ಹುಡುಗ ಸುಮ್ಮನೆ ಕೂತಿದ್ದ, ಅವನು ಏನೂ ಹೇಳಬೇಕಾಗಿರಲಿಲ್ಲ. ಸೊನ್ನೆಗೆ ಬಂದ ಮೇಲೆ ಕೈ ಎತ್ತಿದ. ಅವನ ಹತ್ತಿರ ಬರೀ ರಾಜ ಉಳಿದಿದ್ದರೆ ಡ್ರಾ ಆಗುತ್ತಿತ್ತು. ಮುಂದೆ ಮಂತ್ರಿಯಾಗಬಲ್ಲ ಒಂದು ಪಾನ್ ಇದ್ದದ್ದಕ್ಕೆ ಸೋಲು. ಆರ್ಬಿಟರ್ ಬಂದು ಗಡಿಯಾರ ಒತ್ತಿ ನೋಡಿದರು. ಅವರ ಕೈಯಲ್ಲಿ ಅದು ಸರಿಯಾಗಿಯೇ ಬದಲಾಯಿತು.

ವಾಪಸ್ ಬರುವಾಗ ಬೇಲೂರು ದಾಟುವವರೆಗೂ ಅವಳು ಮಾತಾಡಲಿಲ್ಲ. ಆಮೇಲೆ ಕೇಳಿದಳು, “ನಾನು ಒತ್ತಿದ್ದೆ ಅಲ್ವಾ ಅಪ್ಪಾ?”

ಆ ರಾತ್ರಿ ಊಟ ಆದ ಮೇಲೆ ಗುಂಡಿಯ ಅಂಚಿಗೇ ಬೆರಳಿಟ್ಟು ಐವತ್ತು ಸಲ ಒತ್ತಿ ನೋಡಿದೆ. ನಾಲ್ಕೈದು ಸಲ ಬದಲಾಗಲೇ ಇಲ್ಲ. ಜೋರಾಗಿ ಒತ್ತಿದರೆ ಒಂದೂ ತಪ್ಪುವುದಿಲ್ಲ, ಆದರೆ ಗಡಿಯಾರವನ್ನು ಜೋರಾಗಿ ಒತ್ತುವುದನ್ನು ಫಿಡೆ (ಅಂತರರಾಷ್ಟ್ರೀಯ ಚೆಸ್ ಸಂಸ್ಥೆ) ನಿಯಮವೇ ನಿಷೇಧಿಸುತ್ತದೆ. ಮೆಲ್ಲಗೆ ಒತ್ತಿದರೆ ಕೇಳದ, ಜೋರಾಗಿ ಒತ್ತಿದರೆ ನಿಯಮ ಮುರಿಸುವ ಗಡಿಯಾರವನ್ನು ಮಗುವಿನ ಕೈಗೆ ಕೊಟ್ಟು ಕಳಿಸಿದ್ದೆ.

ಡಿಜಿಟಿಗೆ ಐದು ಸಾವಿರದ ಹತ್ತಿರ ಕೊಟ್ಟೆ. ನಮ್ಮ ಮನೆಯ ಲೆಕ್ಕದಲ್ಲಿ ಅದು ದೊಡ್ಡ ಮೊತ್ತ, ಎರಡು ತಿಂಗಳು ಬೇರೆ ಖರ್ಚು ಹಿಡಿದು ತಂದದ್ದು. ಅದರ ತಲೆಯ ಮೇಲೆ ಗುಂಡಿಗಳ ಬದಲು ತೂಗುಹಲಗೆಯಂಥ ಒಂದೇ ಸನ್ನೆ. ಒಂದು ತುದಿ ಒತ್ತಿದರೆ ಇನ್ನೊಂದು ತುದಿ ಏಳಲೇಬೇಕು. ಕೆಳಗೆ ಹೋದದ್ದು ಬೆರಳಿಗೆ ಗೊತ್ತಾಗುತ್ತದೆ, ಮೇಲೆದ್ದಿರುವುದು ಕಣ್ಣಂಚಿಗೆ ಕಾಣುತ್ತದೆ, ಬೋರ್ಡಿನಿಂದ ದೃಷ್ಟಿ ತೆಗೆಯುವುದೇ ಬೇಡ. ಯಾರ ಟೈಮ್ ಮೊದಲು ಮುಗಿಯಿತು ಎಂಬ ಗುರುತೂ ಪರದೆಯ ಮೇಲೆ ಬರುತ್ತದೆ. ಎರಡು ಎಎ ಸೆಲ್ ಸಾಕು. ನನ್ನ ತಕರಾರು ಒಂದೇ: ಗಡಿಯಾರದಲ್ಲೇ ಸಿದ್ಧವಿರುವ ಪಟ್ಟಿಯಲ್ಲಿಲ್ಲದ ಟೈಮ್ ಕೂರಿಸುವುದು ತಲೆನೋವು, ಒಂದೊಂದೇ ಅಂಕಿ ಬದಲಿಸುತ್ತಾ ಹೋಗಬೇಕು. ಮೊದಲ ವಾರ ಕೈಪಿಡಿ ಪಕ್ಕದಲ್ಲೇ ಇಟ್ಟುಕೊಂಡಿದ್ದೆ.

ಅಂಕಿ ಕಾಣುವ ಗಡಿಯಾರದಿಂದ ಇನ್ನೊಂದು ಉಪಕಾರವಾಯಿತು. ಉದ್ದದ ಆಟಗಳಲ್ಲಿ ಮಗಳು ಸ್ಕೋರ್‌ಶೀಟಿನ ಮೇಲೆ ನಡೆಯ ಪಕ್ಕ ಉಳಿದ ಟೈಮನ್ನೂ ಬರೆಯುತ್ತಾಳೆ, ನಿಯಮದಲ್ಲಿ ಅದಕ್ಕೆ ಅವಕಾಶವಿದೆ. ಹತ್ತಾರು ಶೀಟ್ ಸಾಲಾಗಿ ಹರಡಿ ನೋಡಿದಾಗ ಟೈಮ್ ಕರಗುತ್ತಿದ್ದ ಜಾಗ ಕಣ್ಣಿಗೆ ಬಿತ್ತು. ಕೊನೆಯಲ್ಲಿ ಪರದಾಡುತ್ತಾಳೆ ಎಂದು ನಾನು ತಿಳಿದಿದ್ದೆ. ನಿಜಕ್ಕೂ ಅರ್ಧ ಟೈಮ್ ಹೋಗುತ್ತಿದ್ದದ್ದು ಎಂಟರಿಂದ ಹದಿನೈದನೇ ನಡೆಯೊಳಗೆ, ಕಲಿತ ಓಪನಿಂಗ್ (ಆರಂಭದ ನಡೆಗಳು) ಮುಗಿದು ಸ್ವಂತ ಯೋಚನೆ ಶುರುವಾಗುವಲ್ಲಿ. ಈಗ ನಮ್ಮ ಅಭ್ಯಾಸವೆಲ್ಲ ಆ ಎಂಟು ನಡೆಗಳ ಮೇಲೆಯೇ.

ಮನೆಯಲ್ಲಷ್ಟೇ ಆಡುವವರಿಗೆ ಐದು ಸಾವಿರದ ಗಡಿಯಾರ ಖಂಡಿತ ಬೇಡ, ಮೊಬೈಲ್ ಸಾಕು, ಕೀ ಕೊಡುವುದು ಸಿಕ್ಕರೆ ಇನ್ನೂ ಚೆಂದ. ವರ್ಷಕ್ಕೊಂದು ಟೂರ್ನಿ ಆಡುವವರು ಇದ್ದವರಿಂದ ಎರವಲು ತಗೊಳ್ಳಿ, ನಾನೂ ಕೊಡುತ್ತೇನೆ. ತಿಂಗಳಿಗೊಂದು ಆಡುವ ಮಕ್ಕಳಿಗೆ ಮಾತ್ರ ಅಗ್ಗದ್ದರ ಮೇಲೆ ಒಂದು ರೂಪಾಯಿಯನ್ನೂ ಹಾಕಬೇಡಿ, ಕೂಡಿಟ್ಟು ಸನ್ನೆ ಇರುವುದನ್ನೇ ತನ್ನಿ. ನಮ್ಮ ರಬ್ಬರ್ ಗುಂಡಿಯದ್ದು ಈಗ ಅಡುಗೆಮನೆಯಲ್ಲಿದೆ. ಇಡ್ಲಿ ಬೇಯುವುದಕ್ಕೆ ಹದಿನೈದು ನಿಮಿಷ ಇಡುತ್ತೇವೆ, ಅದಕ್ಕೆ ಸರಿಯಾಗಿಯೇ ಕೂಗುತ್ತದೆ.