ಅಜ್ಜಿ ಮನೆ ಕದ ಕೊಟ್ಟು ಮೋಸ ಹೋದೆ, ನೀವು ಹುಷಾರು

ಹಳೇ ಸಾಮಾನಿನ ಮೇಲೆ ಹಕ್ಕಿ ಚಿತ್ರ ಬರೆದುಕೊಡ್ತೀವಿ ಅಂತ ತುಮಕೂರಲ್ಲಿ ಯಾರಾದರೂ ನಿಮ್ಮ ಮನೆಯ ಬಾಗಿಲು, ಕಿಟಕಿ, ಟ್ರಂಕು ಕೇಳಿದರೆ ಕೊಡೋಕೆ ಮುಂಚೆ ಇದನ್ನ ಓದಿ. ಹೆಸರು ಹಾಕಲ್ಲ. ಹಾಕಬೇಕು ಅಂತ ಕೈ ಕಡೀತಿದೆ, ಆದರೆ ದೂರು ಕೊಟ್ಟಾಗಿದೆ, ಸದ್ಯಕ್ಕೆ ಬೇಡ ಅಂತ ಅಣ್ಣ ತಡೆದಿದಾನೆ.

ಶಿರಾ ಹತ್ತಿರ ನಮ್ಮ ಅಜ್ಜಿ ಊರು. ಮನೆ ಬೀಳಿಸಿದಾಗ ಎಲ್ಲರೂ ಒಂದೊಂದು ತಗೊಂಡರು. ಚಿಕ್ಕಪ್ಪ ಕಂಬ, ಅತ್ತೆ ಒರಳುಕಲ್ಲು. ನಾನು ರಾಗಿ ಕೋಣೆಯ ಕದ ತಂದೆ. ಬೇವಿನ ಮರದ್ದು, ಒಂಟಿ ಕದ, ಊರ ಕಮ್ಮಾರ ಬಡಿದುಕೊಟ್ಟ ಚಿಲಕ, ಬಳೆ. ಕೆಳಗೆ ಬಲಗಡೆ ಮೂಲೆಯಲ್ಲಿ ಒಂದು ಕಂಡಿ. ರಾಗಿ ತುಂಬಿಡೋ ವಾಡೆ ಹತ್ತಿರ ಇಲಿ ಬರುತ್ತವೆ ಅಂತ ಬೆಕ್ಕು ಓಡಾಡೋಕೆ ತಾತ ಕೊರೆಸಿದ್ದು. ಎಷ್ಟು ಬೆಕ್ಕು ಮೈ ಉಜ್ಜಿಕೊಂಡು ಹೋಗಿದ್ದವೋ, ಆ ಕಂಡಿಯ ಅಂಚು ಸೋಪಿನ ಥರ ನುಣ್ಣಗಿತ್ತು. ಈ ಕಂಡಿ ಬಲಗಡೆ ಇತ್ತು ಅನ್ನೋದು ನೆನಪಿಟ್ಟುಕೊಳ್ಳಿ.

ಐದು ವರ್ಷ ಮಹಡಿ ಮೇಲೆ ಗೋಡೆಗೆ ಒರಗಿಸಿಟ್ಟಿದ್ದೆ. ಅಣ್ಣ ಮನೆ ಕಟ್ಟಿಸಿದ, ಗೃಹಪ್ರವೇಶಕ್ಕೆ ಏನು ಕೊಡೋದು ಅಂತ ಯೋಚಿಸ್ತಿರುವಾಗ ಗೆಳತಿಯ ಮೊಬೈಲಲ್ಲಿ ಇವನ ಕೆಲಸ ನೋಡಿದೆ. ಚೆನ್ನಾಗಿತ್ತು ರೀ, ಸುಳ್ಳು ಯಾಕೆ ಹೇಳಲಿ. ತುಕ್ಕು ಹಿಡಿದ ಗರಗಸದ ಮೇಲೆ ನೀಲಕಂಠ, ತುಕ್ಕನ್ನೇ ಬೆಟ್ಟ ಮಾಡಿದ್ದ. ಬಾವಿ ರಾಟೆಯ ಮೇಲೆ ಮಿಂಚುಳ್ಳಿ. ಹಳೇ ಸ್ಲೇಟಿನ ಮೂಲೆಯಲ್ಲಿ ಒಂದೇ ಒಂದು ಗುಬ್ಬಿ, ಉಳಿದಿದ್ದೆಲ್ಲ ಖಾಲಿ. ಅವೂ ಅವನೇ ಬರೆದದ್ದಾ ಅಂತ ಈಗ ಅನುಮಾನ.

ನಾನು ಕೇಳಿದ್ದು ಇಷ್ಟೇ. ಅಜ್ಜಿ ಊರಿಗೆ ಕಗ್ಗಲಡು ದೂರವಿಲ್ಲ, ಬೇಸಿಗೆಯಲ್ಲಿ ಹೋದಾಗಲೆಲ್ಲ ಅಲ್ಲಿನ ಹುಣಸೆ ಮರಗಳಲ್ಲಿ ಗೂಡು ಕಟ್ಟಿದ ಬಣ್ಣದ ಕೊಕ್ಕರೆ ನೋಡ್ತಿದ್ವಿ, ಅವನ್ನೇ ಬರಿ. ಹಳದಿ ಕೊಕ್ಕು, ಗರಿಯಿಲ್ಲದ ಕಿತ್ತಳೆ ಬಣ್ಣದ ತಲೆ, ಬಾಲದ ಹತ್ತಿರ ರೋಜಾ ಬಣ್ಣ. ಕೈಯಲ್ಲೇ ಬರೀತೀವಿ, ಆಯಿಲ್ ಕಲರ್, ನಲವತ್ತೈದು ದಿನ ಬೇಕು, ಹದಿನೆಂಟೂವರೆ ಸಾವಿರ ಅಂದ. ಕದದ ಫೋಟೋ ಕಳಿಸಿ ಮೇಡಂ ಅಂದ. ಕದದ ಪಕ್ಕ ನಿಂತು ಒಂದು ಸೆಲ್ಫಿ ತೆಗೆದು ಕಳಿಸಿದೆ. ಹತ್ತು ಸಾವಿರ ಅಡ್ವಾನ್ಸ್ ಫೋನ್‌ಪೇ ಮಾಡಿದೆ. ಮಾರನೇ ದಿನ ಇಬ್ಬರು ಆಳು ಆಟೋದಲ್ಲಿ ಬಂದು ಏದುಸಿರು ಬಿಡ್ತಾ ಕದ ಇಳಿಸಿಕೊಂಡು ಹೋದರು. ಒಂದು ಚೀಟಿ ಇಲ್ಲ, ರಸೀದಿ ಇಲ್ಲ. ಇಸ್ತ್ರಿಗೆ ಬಟ್ಟೆ ಕೊಡೋವಾಗ ಎಣಿಸಿ ಕೊಡೋ ಹೆಂಗಸು ನಾನು!

ಹತ್ತೊಂಬತ್ತನೇ ದಿನ ರೆಡಿ ಅಂತ ಫೋನ್. ಆಗಲೇ ತಲೆಗೆ ಹೋಗಬೇಕಿತ್ತು. ಆಯಿಲ್ ಕಲರ್ ದಪ್ಪಗೆ ಹಚ್ಚಿದರೆ ಒಣಗೋಕೇ ವಾರಗಟ್ಟಲೆ ಬೇಕು. ಗೃಹಪ್ರವೇಶದ ಹಿಂದಿನ ಸಂಜೆ ತಂದುಕೊಟ್ಟರು, ಬಬಲ್ ಶೀಟ್ ಸುತ್ತಿ. ಜೊತೆಗೆ ಚಿನ್ನದ ಅಂಚಿನ ಸರ್ಟಿಫಿಕೇಟ್: 150 ವರ್ಷ ಹಳೆಯ ಕದ ಅಂತ. ನಮ್ಮ ತಾತ ಮನೆ ಕಟ್ಟಿಸಿದ್ದೇ 1958ರಲ್ಲಿ. ಗೊತ್ತಿದ್ದೂ ಸುಮ್ಮನಿದ್ದೆ. ನೋಡೋಕೆ ಚೆನ್ನಾಗಿರುತ್ತೆ ಅಂತ ನನ್ನ ಕೈಯಾರೆ ಹಿಂಬದಿಗೆ ಅಂಟಿಸಿದೆ. ಬಾಕಿ ಎಂಟೂವರೆ ಸಾವಿರ ಕಳಿಸಿ ಥ್ಯಾಂಕ್ಸ್ ಅಂತ ಮೆಸೇಜ್ ಬೇರೆ ಹಾಕಿದೆ.

ಪೂಜೆ ಮುಗಿದು, ಊಟಕ್ಕೆ ಕೂರೋ ಮುಂಚೆ ಎಲ್ಲರ ಎದುರು ಬಿಚ್ಚಿದ್ದು. ಕಾಲೇಜಿಗೆ ಹೋಗೋ ಅಣ್ಣನ ಮಗ ಒಬ್ಬನೇ ಎತ್ತಿ ಗೋಡೆಗೆ ನಿಲ್ಲಿಸಿದ. ಒಬ್ಬನೇ! ಚಪ್ಪಾಳೆ ತಟ್ಟಿದರು, ಅತ್ತಿಗೆ ಕಣ್ಣು ಒರೆಸಿಕೊಂಡಳು. ಹುಡುಗ ಮಾತ್ರ ಹತ್ತಿರ ಹೋಗಿ ನೋಡಿ, “ಅತ್ತೆ, ಇದರ ಕೊಕ್ಕು ಯಾಕೆ ಕೆಂಪಗಿದೆ? ಇದು ನಮ್ಮ ಕೊಕ್ಕರೆ ಅಲ್ಲ, ಕಾರ್ಟೂನಲ್ಲಿ ಬಟ್ಟೇಲಿ ಮಗು ಕಟ್ಕೊಂಡು ಹಾರುತ್ತಲ್ಲ, ಆ ಯುರೋಪಿನದು” ಅಂದ. ನೋಡಿದರೆ ಹೌದು. ಕೆಂಪು ಕೊಕ್ಕು, ಕೆಂಪು ಕಾಲು, ಬೆಳ್ಳಗಿನ ತಲೆ. ಹುಣಸೆ ಮರ ಎಲ್ಲಿ? ಹೆಂಚಿನ ಸೂರಿನ ಹೊಗೆ ಕೊಳವೆ ಮೇಲೆ ಗೂಡು.

ಹೋಗಲಿ, ಹಕ್ಕಿ ಗೊತ್ತಿಲ್ಲದೆ ಬರೆದಿದಾನೆ ಅಂದುಕೊಳ್ಳೋಣ. ಅಷ್ಟರಲ್ಲಿ ಚಿಕ್ಕಪ್ಪ ಕೈ ತೊಳ್ಕೊಂಡು ಬಂದವರು ಬಗ್ಗಿ, ಕಂಡಿಯಲ್ಲಿ ಬೆರಳಾಡಿಸಿ, “ಇದು ಯಾರ ಮನೆ ಕದನಮ್ಮ?” ಅಂದರು.

ನನಗೆ ಅರ್ಥ ಆಗಲಿಲ್ಲ. “ನಮ್ಮದೇ ಚಿಕ್ಕಪ್ಪ, ಕಂಡಿ ಇದೆಯಲ್ಲ” ಅಂದೆ.

“ಕಂಡಿ ಇದೆ. ಎಡಗಡೆ ಇದೆ. ಅಂಚು ನೋಡು, ಕೈ ಕುಯ್ಯುತ್ತೆ.”

ಮೊಬೈಲ್ ತೆಗೆದು ನಾನು ಕಳಿಸಿದ ಫೋಟೋ ತೋರಿಸಿದೆ, ಇಲ್ನೋಡಿ, ಎಡಗಡೇನೇ ಇದೆ ಅಂತ ಜಗಳಕ್ಕೇ ನಿಂತೆ. ಅತ್ತಿಗೆ ಫೋಟೋ ನೋಡಿ ಮೆಲ್ಲಗೆ ಅಂದಳು: “ನಿನ್ನ ಸೆರಗು ಬಲ ಭುಜದ ಮೇಲಿದೆಯಲ್ಲೇ.”

ಸೆಲ್ಫಿ. ಕನ್ನಡಿ ಥರ ಉಲ್ಟಾ. ಕದ ಕೈಯಲ್ಲಿ ಇದ್ದಿದ್ದರೆ ಫೋಟೋ ನೋಡಿ ಕಂಡಿ ಯಾಕೆ ಕೊರೀತಿದ್ದ? ನಮ್ಮ ಕದ ಎಲ್ಲೋ ಮಾರಿ, ಯಾವುದೋ ಹಲಗೆ ತಂದು, ನನ್ನ ಫೋಟೋ ಎದುರಿಗಿಟ್ಟುಕೊಂಡು ಇನ್ನೊಂದು ಕದ ಮಾಡಿದಾನೆ. ಫೋಟೋದಲ್ಲಿ ಎಡಗಡೆ ಕಂಡ ಕಂಡಿ ಎಡಗಡೆಗೇ. ನಲವತ್ತು ಜನ ನೆಂಟರ ಎದುರು ಉಲ್ಟಾ ಕಂಡಿಯ ಕದದ ಪಕ್ಕ ನಾನು ನಿಂತಿದೀನಿ. ಬಾಳೆಎಲೆ ಹಾಕಿದಾರೆ, ಒಬ್ಬರಿಗೂ ಒಂದು ತುತ್ತು ಇಳೀಲಿಲ್ಲ ಅಂತ ಬರೆಯೋಣ ಅಂದರೆ ಎಲ್ಲರೂ ಹೋಳಿಗೆ ತಿಂದರು, ನಾನೊಬ್ಬಳೇ ತಿನ್ನಲಿಲ್ಲ.

ಅವತ್ತು ರಾತ್ರಿ ಕೂತು ಪೂರ್ತಿ ತಡಕಾಡಿದ್ವಿ. ಚಿಲಕಕ್ಕೆ ಸ್ಟಾರ್ ಸ್ಕ್ರೂ. ಕಮ್ಮಾರನ ಮೊಳೆ ಒಂದೂ ಇಲ್ಲ. ಹುಳ ತಿಂದ ತೂತು ಅಂತ ಇರೋವೆಲ್ಲ ಒಂದೇ ಅಳತೆ, ನೆಟ್ಟಗೆ, ಡ್ರಿಲ್ಲಿನವು. ಮೂಗು ಹತ್ತಿರ ಒಯ್ದರೆ ಶೂ ಪಾಲಿಷ್ ವಾಸನೆ. ಅಣ್ಣನ ಮಗ ಸ್ಟಾಂಪ್ ನೋಡೋ ಲೆನ್ಸ್ ತಂದು ಹಕ್ಕಿ ಮೇಲಿಟ್ಟ: ಚುಕ್ಕಿ, ಚುಕ್ಕಿ, ಚುಕ್ಕಿ. ಪ್ರಿಂಟು. ಅದರ ಮೇಲೆ ಗಾಜಿನಂಥ ಅಂಟು ಬಳಿದು ಬ್ರಷ್ ಗೀರು ಎಳೆದಿದಾರೆ. ರೆಕ್ಕೆಯ ಗರಿ ಕೆಳಗೆ ಹೋದರೆ ಗೀರು ಅಡ್ಡ ಹೋಗಿದೆ. ಅಂಚಿಗೆ ಉಗುರು ಹಾಕಿದೆ, ಬಸ್ಸಿನ ಸ್ಟಿಕರ್ ಥರ ಎದ್ದು ಬಂತು.

ಈಗ ಅವನ ಉತ್ತರ ಕೇಳಿ. ಒಂದೊಂದೂ ಇಟ್ಟುಕೊಂಡಿದೀನಿ.

ಹಕ್ಕಿ ಬಗ್ಗೆ ಕೇಳಿದರೆ, “ಕೊಕ್ಕರೆ ಕೇಳಿದ್ರಿ, ಕೊಕ್ಕರೆ ಕೊಟ್ಟಿದೀವಲ್ಲ ಮೇಡಂ. ಬಣ್ಣ ಆರ್ಟಿಸ್ಟ್ ಇಷ್ಟ.”

ಪ್ರಿಂಟ್ ಅಲ್ವಾ ಅಂದರೆ, “ಮಿಕ್ಸೆಡ್ ಮೀಡಿಯಾ ಮೇಡಂ, ನಿಮಗೆ ಅರ್ಥ ಆಗಲ್ಲ.”

ಕಂಡಿ ಎಡಕ್ಕೆ ಹೇಗೆ ಬಂತು ಅಂದರೆ, “ಹಿಂಬದಿ ಮೇಲೆ ಪೇಂಟ್ ಮಾಡಿದೀವಿ, ಅದಕ್ಕೆ.” ಹಾಗಾದ್ರೆ ಬಳೆ, ಚಿಲಕ ಹಿಂದಕ್ಕೆ ಹೋಗಬೇಕಿತ್ತಲ್ಲಪ್ಪ ಅಂದೆ. ಅರ್ಧ ಗಂಟೆ ಬಿಟ್ಟು, “ಬಿಚ್ಚಿ ಮುಂದಕ್ಕೆ ಹಾಕಿದ್ವಿ.”

ತೂಕ? “ಒಣಗಿದೆ.” ಅರವತ್ತು ವರ್ಷ ಒಣಗದ್ದು ಹತ್ತೊಂಬತ್ತು ದಿನಕ್ಕೆ ಒಣಗಿತಂತೆ!

ದುಡ್ಡು ಬೇಡ, ನನ್ನ ಕದ ಕೊಡು ಸಾಕು ಅಂತ ಗೋಗರೆದೆ. ಹೌದು, ಗೋಗರೆದೆ. ಆಗ ಬಂದ ಉತ್ತರ: “ನಿಮ್ಮ ಕದಕ್ಕೆ ಹುಳ ಹಿಡಿದಿತ್ತು, ಸುಟ್ಟುಹಾಕಿದ್ವಿ. ನಿಮಗೆ ಬೇಜಾರಾಗಬಾರದು ಅಂತ ಹೊಸದು ಮಾಡಿಕೊಟ್ವಿ.” ಬೇವಿಗೆ ಹುಳ! ರಾಗಿ, ಕಾಳಿಗೆ ಹುಳ ಬೀಳಬಾರದು ಅಂತ ಬೇವಿನ ಸೊಪ್ಪು ಇಡೋ ಜಿಲ್ಲೆಯಲ್ಲಿ ಕೂತು ನನಗೆ ಹೇಳ್ತಾನೆ, ಬೇವಿಗೆ ಹುಳ ಅಂತ. ಒಂದು ನಿಮಿಷದ ಹಿಂದೆ ಅದೇ ಕದ ಹಿಂದುಮುಂದು ಮಾಡಿದ್ವಿ ಅಂದವನು ಈಗ ಸುಟ್ಟ ಅಂತಾನೆ! ಅದನ್ನ ಕೇಳಿದ್ದಕ್ಕೆ ಬ್ಲಾಕ್. ಅಂಗಡಿಗೆ ಹೋದರೆ, “ಸಾರ್ ಬೆಂಗಳೂರಿಗೆ ಹೋಗಿದಾರೆ.” ಮೂರು ಸಲ ಹೋದೆ. ಮೂರು ಸಲವೂ ಸಾರ್ ಬೆಂಗಳೂರಲ್ಲೇ.

ಆ ಸರ್ಟಿಫಿಕೇಟ್ ವಿಷಯ ಒಂದು ಹೇಳಿಬಿಡ್ತೀನಿ, ವಕೀಲರು ಹೇಳಿದ್ದು. 1972ರ ಕಾಯ್ದೆ ಪ್ರಕಾರ 100 ವರ್ಷ ದಾಟಿದ ಕೆತ್ತನೆ, ಕಲಾವಸ್ತು ಎಲ್ಲ ಪ್ರಾಚ್ಯವಸ್ತು, ಅದರ ವ್ಯಾಪಾರ ಮಾಡೋಕೆ ಲೈಸೆನ್ಸ್ ಬೇಕು. 150 ವರ್ಷದ್ದು ಅಂತ ರಂಗಿನ ಕಾಗದ ಕೊಡೋನನ್ನ ಲೈಸೆನ್ಸ್ ತೋರಿಸಪ್ಪ ಅನ್ನಿ, ಮುಖ ನೋಡಿ. ನಾನು ಕೇಳಲಿಲ್ಲ.

ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದೀನಿ. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಕಾಗದ ತಯಾರಾಗ್ತಿದೆ. 5 ಲಕ್ಷದೊಳಗಿನದಕ್ಕೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು. ನಿಮ್ಮ ಸಾಮಾನು ಕೊಡಲೇಬೇಕು ಅಂದರೆ ತೂಕ ಹಾಕಿಸಿ, ಕಾಣದ ಜಾಗದಲ್ಲಿ ಒಂದು ಗುರುತು ಕೊರೆದು, ರಸೀದಿಯಲ್ಲಿ ಬರೆಸಿಕೊಂಡು ಕೊಡಿ. ಅರ್ಧ ಬರೆದಿರುವಾಗ ಹೇಳದೆ ಹೋಗಿ ನೋಡಿ. ನನ್ನ ಕೇಳಿದರೆ ಕೊಡಲೇಬೇಡಿ ಅಂತೀನಿ.

ಎಲ್ಲಕ್ಕಿಂತ ಮುಖ್ಯವಾಗಿ ಇದು. ನಮ್ಮ ಕದ ಸುಟ್ಟಿದಾನೆ ಅಂತ ನಾನು ನಂಬಲ್ಲ. ಹಳೇ ಬಾಗಿಲಿಗೆ ಬೆಂಗಳೂರಲ್ಲಿ ಹೋಟೆಲಿನವರು, ಹೋಂಸ್ಟೇಯವರು ಕೇಳಿದಷ್ಟು ಕೊಡ್ತಾರೆ. ಎಲ್ಲಾದರೂ ಟೇಬಲ್ ಮಾಡಿಯೋ, ಗೋಡೆಗೆ ನಿಲ್ಲಿಸಿಯೋ ಇಟ್ಟಿರಬಹುದು. ಬೇವಿನ ಒಂಟಿ ಕದ, ಇಬ್ಬರು ಎತ್ತೋ ತೂಕ, ಬಳೆಯ ಸುತ್ತ ಅರಿಶಿನ ಹಚ್ಚಿ ಹಚ್ಚಿ ಮಂಕಾದ ಒಂದು ವರ್ತುಲ, ಕೆಳಗೆ ಬೆಕ್ಕಿನ ಕಂಡಿ. ಬಳೆ ಇರೋ ಕಡೆಯಿಂದ ನೋಡಿದರೆ ಕಂಡಿ ಬಲಗಡೆ. ಕಂಡರೆ ದಯವಿಟ್ಟು ತಿಳಿಸಿ. ಬಲಗಡೆ.