ಬೂಸ್ಟ್ ಇಳಿಸಿದರೆ ಸಾಲದು, ವೋಲ್ಟೇಜ್ ಇಳಿದಿದೆಯಾ ನೋಡಿ

ಪಿಸಿ ಬಿಸಿ ಆಗ್ತಿದೆ ಅಂದರೆ ಪ್ರೊಸೆಸರ್‌ನ ಬೂಸ್ಟ್ (ಕೆಲಸ ಜೋರಾದಾಗ ಅದು ತಾನಾಗಿ ಏರಿಸಿಕೊಳ್ಳುವ ವೇಗ) ಸ್ವಲ್ಪ ಇಳಿಸಿ ಅಂತ ಹೇಳುವವರು ತುಂಬಾ ಜನ ಇದ್ದಾರೆ. ಸಲಹೆ ಒಳ್ಳೆಯದೇ. ನಮ್ಮ ಕರಾವಳಿಯ ಸೆಕೆಗಂತೂ ಬಹಳ ಒಳ್ಳೆಯದು. ಆದರೆ ಆ ಕೆಲಸ ಬೇರೆಯವರ ಕೈಯಲ್ಲಿ ಮಾಡಿಸಿದರೆ, ವೇಗದ ಜೊತೆ ವೋಲ್ಟೇಜೂ ಇಳಿದಿದೆಯಾ ಅಂತ ನೀವೇ ಕಣ್ಣಾರೆ ನೋಡಿ. ನನ್ನ ಪಿಸಿಯಲ್ಲಿ ವೇಗ ಇಳಿಸಿ ವೋಲ್ಟೇಜ್ ಏರಿಸಿ ಇಟ್ಟಿದ್ದರು. ದುಬಾರಿ ಪ್ರೊಸೆಸರ್ ಒಂದು ಅದರಲ್ಲೇ ಸವೆದು ಹೋಯಿತು. ಇದು ಇನ್ನೊಬ್ಬರಿಗೆ ಆಗಬಾರದು, ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ನಾನು ಉಡುಪಿಯಲ್ಲಿ ವಿಡಿಯೋ ಎಡಿಟಿಂಗ್ ಮಾಡುತ್ತೇನೆ. ಮದುವೆ, ಗೃಹಪ್ರವೇಶ ಎಲ್ಲ ಇರುತ್ತವೆ, ಆದರೆ ಜಾಸ್ತಿ ಕೆಲಸ ಯಕ್ಷಗಾನದ್ದು. ರಾತ್ರಿಯಿಡೀ ಆಟ, ಒಂದಕ್ಕಿಂತ ಹೆಚ್ಚು ಕ್ಯಾಮೆರಾ, ಎಲ್ಲವೂ 4ಕೆ. ಒಂದು ಆಟದ ರೆಂಡರ್ (ಎಡಿಟ್ ಮಾಡಿದ್ದನ್ನು ಅಂತಿಮ ವಿಡಿಯೋ ಮಾಡಿ ತೆಗೆಯುವುದು) ಹಾಕಿದರೆ ಪ್ರೊಸೆಸರ್‌ಗೆ ಗಂಟೆಗಟ್ಟಲೆ ಬಿಡುವಿಲ್ಲ. ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆ ಹತ್ತಿರ ಬಂದ ಹಾಗೆ ಕೆಲಸ ರಾಶಿ ಬೀಳುತ್ತದೆ. ಸೆಕೆ ಏರುವುದೂ ಅದೇ ಹೊತ್ತಿಗೆ. ಮೇ ತಿಂಗಳಲ್ಲಿ ರಾತ್ರಿ ಊಟ ಮುಗಿಸಿ ಬಂದರೂ ನನ್ನ ಕೋಣೆ 31–32 ಡಿಗ್ರಿ ಇರುತ್ತದೆ. ಕೂಲರ್ ಎಷ್ಟೇ ದೊಡ್ಡದಿರಲಿ, ಅದು ಊದುವುದು ಇದೇ ಗಾಳಿಯನ್ನು. ಎಸಿ ಕೋಣೆಯಲ್ಲಿ ಮಾಡಿದ ಯೂಟ್ಯೂಬ್ ಪರೀಕ್ಷೆಯಲ್ಲಿ 80 ಡಿಗ್ರಿ ತೋರಿಸಿದ ಪ್ರೊಸೆಸರ್ ಇಲ್ಲಿ 90 ಮುಟ್ಟಿದರೆ ಆಶ್ಚರ್ಯ ಇಲ್ಲ.

ಪಿಸಿಯನ್ನು ಮಂಗಳೂರಿನ ಒಂದು ಅಂಗಡಿಯಲ್ಲಿ ಅಸೆಂಬಲ್ ಮಾಡಿಸಿದ್ದೆ. ಪ್ರೊಸೆಸರ್ ಯಾವ ಕಂಪನಿಯದು ಅನ್ನುವುದು ಈ ಕಥೆಗೆ ಮುಖ್ಯ ಅಲ್ಲ. ಮೊದಲ ಸೀಸನ್ ಚೆನ್ನಾಗಿಯೇ ಓಡಿತು. ಬಿಸಿ ಮಾತ್ರ ಜಾಸ್ತಿ. ರೆಂಡರ್ ಹಾಕಿದರೆ ಎಲ್ಲ ಕೋರ್‌ಗಳೂ 5.2 ಗಿಗಾಹರ್ಟ್ಸ್‌ಗೆ ಏರಿ, ಉಷ್ಣತೆ 95 ದಾಟುತ್ತಿತ್ತು. ಫ್ಯಾನ್ ಸದ್ದಿಗೆ ಭಾಗವತರ ಪದ ಸರಿಯಾಗಿ ಕೇಳುತ್ತಿರಲಿಲ್ಲ. ಅಂಗಡಿಗೆ ಫೋನ್ ಮಾಡಿದೆ, ಸರ್ವಿಸ್ ಹುಡುಗ ಬಂದ.

“ಅಣ್ಣ, ನೀವು ಮಂಡೆಬಿಸಿ ಮಾಡ್ಬೇಡಿ. ಬೂಸ್ಟ್ ಕಮ್ಮಿ ಮಾಡಿ ಲಾಕ್ ಮಾಡ್ತೇನೆ. ಮತ್ತೆ ಎಂತ ತೊಂದರೆ ಇಲ್ಲ” ಅಂದ.

ಬಯೋಸ್ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ, ಮದರ್‌ಬೋರ್ಡ್‌ನ ಸೆಟ್ಟಿಂಗ್ ಪುಟಗಳು) ತೆರೆದು ಎಲ್ಲ ಕೋರ್‌ಗಳನ್ನೂ 4.8ಕ್ಕೆ ಕಟ್ಟಿ ಹಾಕಿದ. ಇನ್ನೂ ಏನೇನೋ ಬದಲಿಸಿ ಸೇವ್ ಮಾಡಿ ಹೋದ. ಬಿಸಿ ಇಳಿಯಲಿಲ್ಲ. ಮತ್ತೆ ಫೋನ್ ಮಾಡಿದಾಗ, ಈ ಪ್ರೊಸೆಸರ್‌ಗೆ ಗಾಳಿ ಕೂಲರ್ ಸಾಕಾಗುವುದಿಲ್ಲ, ಲಿಕ್ವಿಡ್ ಕೂಲರ್ ಹಾಕಿಸಿ ಅಂದರು. ಹಾಕಿಸಿದೆ. ಉಷ್ಣತೆ 85ರ ಹತ್ತಿರ ನಿಂತಿತು. ಅಂಗಡಿಯ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು.

ಅವನು ಮಾಡಿ ಹೋಗಿದ್ದೇನು ಅಂತ ಗೊತ್ತಾಗಿದ್ದು ಬಹಳ ತಡವಾಗಿ. 4.8ಕ್ಕೆ ಕಟ್ಟಿದ್ದರ ಜೊತೆಗೆ ಕೋರ್ ವೋಲ್ಟೇಜನ್ನು ಆಟೋದಿಂದ ಮ್ಯಾನುವಲ್‌ಗೆ ತಂದು 1.40 ವೋಲ್ಟ್ ಅಂತ ಬರೆದಿದ್ದ. ಹ್ಯಾಂಗ್ ಆಗಬಾರದು ಅಂತ ಎಲ್ಲರಿಗೂ ಹಾಗೇ ಹಾಕುವುದಂತೆ. ಅದೇ ಪ್ರೊಸೆಸರ್ ಆಟೋದಲ್ಲಿದ್ದಾಗ 5.2ರಲ್ಲಿ ತಾನಾಗಿ ಕೇಳಿಕೊಳ್ಳುತ್ತಿದ್ದದ್ದು 1.30ರ ಆಸುಪಾಸು. 4.8ಕ್ಕೆ 1.20 ಧಾರಾಳ ಸಾಕು.

ಇಲ್ಲಿ ಒಂದು ಲೆಕ್ಕ ಇದೆ, ದಯವಿಟ್ಟು ಓದಿ. ಪ್ರೊಸೆಸರ್ ಕೆಲಸ ಮಾಡುವಾಗ ತಿನ್ನುವ ಪವರ್, ಅಂದರೆ ವ್ಯಾಟ್, ವೇಗದ ಜೊತೆ ನೇರವಾಗಿ ಏರುತ್ತದೆ. ವೋಲ್ಟೇಜ್ ಜೊತೆ ಅದರ ವರ್ಗದಷ್ಟು ಏರುತ್ತದೆ. 5.2ರಿಂದ 4.8ಕ್ಕೆ ಇಳಿಸಿದರೆ ಉಳಿಯುವುದು ಶೇ 8 ಮಾತ್ರ. ಆದರೆ 1.30ರಿಂದ 1.40ಕ್ಕೆ ಏರಿಸಿದರೆ ಶೇ 16 ಜಾಸ್ತಿ. ಎರಡನ್ನೂ ಸೇರಿಸಿದರೆ, ವೇಗವೂ ಕಮ್ಮಿ ಆಯಿತು, ಬಿಸಿಯೂ ಶೇ 7ರಷ್ಟು ಜಾಸ್ತಿ ಆಯಿತು! ಅದೇ 4.8ಕ್ಕೆ 1.20 ಇದ್ದಿದ್ದರೆ ಶೇ 20ಕ್ಕಿಂತ ಜಾಸ್ತಿ ಉಳಿಯುತ್ತಿತ್ತು. ಲಿಕ್ವಿಡ್ ಕೂಲರ್ ಬೇಕಾಗುತ್ತಲೇ ಇರಲಿಲ್ಲ. ಬೂಸ್ಟ್ ಇಳಿಸುವುದರ ನಿಜವಾದ ಲಾಭ ಇರುವುದೇ ಇಲ್ಲಿ. ಕೊನೆಯ ಕೆಲವು ನೂರು ಮೆಗಾಹರ್ಟ್ಸ್‌ಗಾಗಿ ಚಿಪ್ ಸಿಕ್ಕಾಪಟ್ಟೆ ವೋಲ್ಟೇಜ್ ಕೇಳುತ್ತದೆ. ಆ ತುದಿಯನ್ನು ಬಿಟ್ಟುಕೊಟ್ಟರೆ ವೋಲ್ಟೇಜ್ ದಡಕ್ಕನೆ ಇಳಿಯುತ್ತದೆ, ಕೆಲಸದಲ್ಲಿ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ವೋಲ್ಟೇಜನ್ನು ಮೇಲೆ ಕಟ್ಟಿ ಹಾಕಿ ವೇಗ ಇಳಿಸಿದರೆ ಎಂತ ಪ್ರಯೋಜನ?

ತೊಂದರೆ ಹೊರಗೆ ಬಂದಿದ್ದು ಮಳೆಗಾಲದಲ್ಲಿ. ಕರೆಂಟ್ ಹೋಗಿ ಬಂದು ಮಾಡುತ್ತಿತ್ತು. ಮದರ್‌ಬೋರ್ಡ್‌ನ ನಾಣ್ಯದಂಥ ಬ್ಯಾಟರಿಯೂ ಸೋತಿತ್ತು. ಒಂದು ದಿನ ಪಿಸಿ ಆನ್ ಮಾಡಿದರೆ ಬಯೋಸ್ ಸೆಟ್ಟಿಂಗ್ ಎಲ್ಲ ಅಳಿಸಿ ಹೋಗಿ ಡಿಫಾಲ್ಟ್‌ಗೆ ಬಂದಿತ್ತು. ಅಲ್ಲಿಂದ ಶುರು. ರೆಂಡರ್ ಅರ್ಧದಲ್ಲಿ ನಿಲ್ಲುವುದು. ಗಿರಾಕಿ ಕಳಿಸಿದ ಜಿಪ್ ಫೈಲ್ ಬಿಚ್ಚಿದರೆ, ಫೈಲ್ ಕೆಟ್ಟಿದೆ ಅನ್ನುವ ಸಿಆರ್‌ಸಿ ಎರರ್. ಅದೇ ಫೈಲನ್ನು ಇನ್ನೊಮ್ಮೆ ಬಿಚ್ಚಿದರೆ ಸರಿ. ಆಮೇಲೆ ನೀಲಿ ಪರದೆ. ಅಂಗಡಿಯವರು ವಿಂಡೋಸ್ ಫಾರ್ಮ್ಯಾಟ್ ಮಾಡಿದರು, ರ‍್ಯಾಮ್ ಬದಲಿಸಿದರು, ಯಾವುದಕ್ಕೂ ಸರಿ ಹೋಗಲಿಲ್ಲ. ಕೊನೆಗೆ ಹಳೆಯ 4.8 ಮತ್ತು 1.40 ಮತ್ತೆ ಹಾಕಿದರು. ಎಲ್ಲ ನಿಂತಿತು. “ನೋಡಿ, ನಮ್ಮ ಸೆಟ್ಟಿಂಗ್ ಇದ್ರೆ ಸರಿ ಉಂಟು” ಅಂದರು.

ಅವರು ಸರಿ ಆಯಿತು ಅಂದಿದ್ದೇ ಕೆಟ್ಟ ಸುದ್ದಿ ಅಂತ ತಿಳಿಸಿದ್ದು ನನ್ನ ಅಕ್ಕನ ಮಗ. ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ರಜೆಗೆ ಬಂದವನು ಎಚ್‌ಡಬ್ಲ್ಯುಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿದ. ಅದರಲ್ಲಿ ಪ್ರತಿ ಸೆನ್ಸರ್‌ಗೂ ಈಗಿನದು, ಕನಿಷ್ಠ, ಗರಿಷ್ಠ, ಸರಾಸರಿ ಅಂತ ನಾಲ್ಕು ಕಾಲಂ ಇರುತ್ತವೆ. ಯಾವ ಪ್ರೋಗ್ರಾಂ ಕೂಡ ತೆರೆದಿರಲಿಲ್ಲ, ಬರೀ ಡೆಸ್ಕ್‌ಟಾಪ್. ವಿಕೋರ್, ಅಂದರೆ ಕೋರ್ ವೋಲ್ಟೇಜ್ ಸಾಲಿನಲ್ಲಿ ಕನಿಷ್ಠ 1.39, ಗರಿಷ್ಠ 1.41. ರೆಂಡರ್ ಹಾಕಿದರೂ ಅದೇ, ನಿಲ್ಲಿಸಿದರೂ ಅದೇ.

“ಮಾವ, ನೀವು ಸುಮ್ನೆ ಹಾಡು ಕೇಳ್ತಾ ಕೂತ್ರೂ ಇದಕ್ಕೆ 1.40 ಹೋಗ್ತಾ ಉಂಟು” ಅಂದ.

ಅವನು ವಿವರಿಸಿದ್ದು ಹೀಗೆ. ಜಾಸ್ತಿ ವೋಲ್ಟೇಜ್, ಜಾಸ್ತಿ ಬಿಸಿ, ಜಾಸ್ತಿ ಕರೆಂಟ್ ಮೂರೂ ಒಟ್ಟಿಗೆ ಬಿದ್ದರೆ ಚಿಪ್‌ನ ಒಳಗಿನ ಟ್ರಾನ್ಸಿಸ್ಟರ್‌ಗಳು ಬೇಗ ಸವೆಯುತ್ತವೆ. ಸವೆದ ಮೇಲೆ ಅದೇ ವೇಗಕ್ಕೆ ಮೊದಲಿಗಿಂತ ಜಾಸ್ತಿ ವೋಲ್ಟೇಜ್ ಬೇಕು. ಹೊಸದರಲ್ಲಿ ಡಿಫಾಲ್ಟ್‌ನಲ್ಲೇ ಒಂದು ಸೀಸನ್ ಓಡಿದ ಚಿಪ್‌ಗೆ ಈಗ ಡಿಫಾಲ್ಟ್ ಸಾಲುತ್ತಿಲ್ಲ. 1.40 ಕೊಟ್ಟರೆ ಆ ಸವೆತ ಮುಚ್ಚಿಹೋಗುತ್ತದೆ, ಆದರೆ ಸವೆಯುವುದೂ ಮುಂದುವರಿಯುತ್ತದೆ. ಖಾತ್ರಿಗೆ ಅವನ ಗೆಳೆಯನ ಹತ್ತಿರ ಇದ್ದ, ಅದೇ ಸಾಕೆಟ್‌ನ ಪ್ರೊಸೆಸರ್ ತಂದು ನನ್ನ ಬೋರ್ಡಿಗೆ ಹಾಕಿದ. ಅದೇ ರ‍್ಯಾಮ್, ಅದೇ ಪವರ್ ಸಪ್ಲೈ, ಅದೇ ಡಿಫಾಲ್ಟ್. ರಾತ್ರಿಯಿಡೀ ರೆಂಡರ್ ಓಡಿತು, ಒಂದು ಎರರ್ ಇಲ್ಲ.

ವೋಲ್ಟೇಜ್‌ನಿಂದ ಚಿಪ್ ಹಾಳಾಗುವುದು ಊಹೆಯ ಮಾತಲ್ಲ. 2024ರ ಜುಲೈನಲ್ಲಿ ಇಂಟೆಲ್ ತನ್ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ವಿಷಯದಲ್ಲಿ ಇದನ್ನೇ ಹೇಳಿತು. ಮೈಕ್ರೋಕೋಡ್ (ಚಿಪ್ ಅನ್ನು ಒಳಗಿನಿಂದ ನಡೆಸುವ, ಕಂಪನಿಯೇ ಕೊಡುವ ಸಾಫ್ಟ್‌ವೇರ್) ತಪ್ಪಿನಿಂದ ಚಿಪ್ ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಕೇಳುತ್ತಿತ್ತು. ಆಗಸ್ಟ್‌ನಲ್ಲಿ ಬಂದ ಮೈಕ್ರೋಕೋಡ್ 1.55 ವೋಲ್ಟ್‌ಗಿಂತ ಮೇಲೆ ಕೇಳದಂತೆ ತಡೆ ಹಾಕಿತು. ತೊಂದರೆಗೆ ಒಳಗಾದ ಮಾಡೆಲ್‌ಗಳ ವಾರಂಟಿಯನ್ನು ಕಂಪನಿ 2 ವರ್ಷ ವಿಸ್ತರಿಸಿ ಒಟ್ಟು 5 ವರ್ಷ ಮಾಡಿತು. ಆಗಲೇ ಸವೆದ ಚಿಪ್ ಅಪ್ಡೇಟ್‌ನಿಂದ ಸರಿ ಆಗುವುದಿಲ್ಲ. ನಿಮ್ಮ ಹತ್ತಿರ ಆ ತಲೆಮಾರಿನದ್ದು ಇದ್ದರೆ ಬಯೋಸ್ ಅಪ್ಡೇಟ್ ಮೊದಲು ಮಾಡಿ. ನನ್ನದು ಆ ಪ್ರಕರಣ ಅಲ್ಲ. ನನ್ನಲ್ಲಿ ಮೈಕ್ರೋಕೋಡ್ ಅಲ್ಲ, ಮನುಷ್ಯರೇ ಕೈಯಾರೆ ಹಾಕಿದ ವೋಲ್ಟೇಜ್.

ಹಾಗಾದರೆ ಬೂಸ್ಟ್ ಇಳಿಸುವುದು ಹೇಗೆ? ಬಯೋಸ್‌ನಲ್ಲಿ ಮೊದಲು ಡಿಫಾಲ್ಟ್ ಲೋಡ್ ಮಾಡಿ. ವೋಲ್ಟೇಜ್ ಆಟೋದಲ್ಲೇ ಇರಲಿ, ಮುಟ್ಟಲೇಬೇಡಿ. ಆಮೇಲೆ ಪವರ್ ಲಿಮಿಟ್ ನೋಡಿ. ಎಷ್ಟೋ ಮದರ್‌ಬೋರ್ಡ್‌ಗಳು ಇಲ್ಲಿ 4095 ಅಥವಾ 4096 ವ್ಯಾಟ್ ಅಂತ ಬರೆದಿರುತ್ತವೆ, ಅಂದರೆ ಮಿತಿಯೇ ಇಲ್ಲ. ಉದಾಹರಣೆಗೆ ಐ9-14900ಕೆಗೆ ಕಂಪನಿ ಹೇಳುವ ಮೂಲ ಪವರ್ 125 ವ್ಯಾಟ್, ಗರಿಷ್ಠ ಟರ್ಬೋ ಪವರ್ 253 ವ್ಯಾಟ್. ನಿಮ್ಮ ಪ್ರೊಸೆಸರ್‌ನ ಅಂಕಿಗಳನ್ನು ಕಂಪನಿಯ ಪುಟದಲ್ಲಿ ನೋಡಿ ಹಾಕಿ. ಇಷ್ಟರಲ್ಲೇ ಅರ್ಧ ಬಿಸಿ ಸಮಸ್ಯೆ ಮುಗಿಯುತ್ತದೆ. ಇನ್ನೂ ಬೇಕಿದ್ದರೆ ಕೋರ್ ರೇಶಿಯೋ 2–3 ಅಂಕ ಇಳಿಸಿ. ರೇಶಿಯೋ 52 ಅಂದರೆ 5.2 ಗಿಗಾಹರ್ಟ್ಸ್, 49 ಅಂದರೆ 4.9. ಪ್ರತಿ ಸಲ ಬದಲಿಸಿದ ಮೇಲೆ ಎಚ್‌ಡಬ್ಲ್ಯುಇನ್ಫೋದಲ್ಲಿ ವೋಲ್ಟೇಜೂ ಇಳಿಯಿತಾ ಅಂತ ನೋಡಿ. ಎಎಂಡಿ ರೈಜೆನ್ ಇರುವವರಿಗೆ ಸುಲಭ: ಇಕೋ ಮೋಡ್ ಅಂತಲೇ ಇರುತ್ತದೆ. 65 ವ್ಯಾಟ್ ಆರಿಸಿದರೆ ಪ್ರೊಸೆಸರ್ ಒಟ್ಟು 88 ವ್ಯಾಟ್‌ಗೆ ನಿಲ್ಲುತ್ತದೆ, ವೋಲ್ಟೇಜ್ ತಾನಾಗಿ ಹೊಂದಿಕೊಳ್ಳುತ್ತದೆ.

ಬಯೋಸ್ ಅಂದರೆ ಹೆದರಿಕೆ ಇದ್ದರೆ ವಿಂಡೋಸ್ ಒಳಗೇ ಒಂದು ದಾರಿ ಇದೆ. ಪವರ್ ಆಪ್ಷನ್ಸ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಅನ್ನುವುದನ್ನು 100ರಿಂದ 99ಕ್ಕೆ ತಂದರೆ ಹೆಚ್ಚಿನ ಪಿಸಿಗಳಲ್ಲಿ ಬೂಸ್ಟ್ ಪೂರ್ತಿ ನಿಲ್ಲುತ್ತದೆ. ಬಿಸಿ ತಕ್ಷಣ ಇಳಿಯುತ್ತದೆ. ಎಡಿಟಿಂಗ್‌ಗೆ ಮಾತ್ರ ಇದು ಅತಿಯಾಯಿತು. ಮೇಲೆ ಹೇಳಿದ 14900ಕೆಯ ದೊಡ್ಡ ಕೋರ್‌ಗಳ ಮೂಲ ವೇಗ 3.2 ಗಿಗಾಹರ್ಟ್ಸ್, ಬೂಸ್ಟ್ 6.0 ತನಕ. ಅಷ್ಟನ್ನೂ ಬಿಟ್ಟುಕೊಡುವ ಅಗತ್ಯ ಇಲ್ಲ. ಸೆಕೆ ಜೋರಿದ್ದ ದಿನ, ರಾತ್ರಿ ರೆಂಡರ್ ಹಾಕಿ ಮಲಗುವಾಗ ಉಪಯೋಗಕ್ಕೆ ಬರುತ್ತದೆ. ಯುಪಿಎಸ್ ಮೇಲೆ ಓಡುವಾಗಲೂ ಒಳ್ಳೆಯದು.

ಆಟೋದಲ್ಲಿದ್ದಾಗ ವೋಲ್ಟೇಜ್ ಒಂದೊಂದು ಸಲ 1.3, 1.4 ಮುಟ್ಟಿದ್ದು ಕಂಡರೆ ಗಾಬರಿ ಬೇಡ. ಒಂದೆರಡು ಕೋರ್ ಕ್ಷಣಕಾಲ ಬೂಸ್ಟ್‌ಗೆ ಏರಿದಾಗ ಹಾಗೆ ತೋರಿಸುತ್ತದೆ, ಮತ್ತೆ ಇಳಿಯುತ್ತದೆ. ಪಿಸಿ ಖಾಲಿ ಕೂತಾಗಲೂ ಅಲುಗಾಡದೆ ಒಂದೇ ಅಂಕಿ ನಿಂತಿದ್ದರೆ ಯಾರೋ ಅದನ್ನು ಕಟ್ಟಿ ಹಾಕಿರುವ ಸಾಧ್ಯತೆ ಜಾಸ್ತಿ.

ಅಂಗಡಿಯವರು ಈಗ, ನಾವು ವೋಲ್ಟೇಜ್ ಮುಟ್ಟಿಯೇ ಇಲ್ಲ, ನೀವೇ ಏನೋ ಮಾಡಿರಬೇಕು ಅನ್ನುತ್ತಿದ್ದಾರೆ. ಸ್ಪೆಸಿಫಿಕೇಶನ್ ಮೀರಿ ವೋಲ್ಟೇಜ್ ಏರಿಸಿದ್ದು ಅಂದರೆ ಪ್ರೊಸೆಸರ್ ಕಂಪನಿಯ ವಾರಂಟಿಗೂ ಕುತ್ತು. ಆ ಹುಡುಗ ಬಂದು ಹೋದ ಬಿಲ್ಲಿನಲ್ಲಿ ಇರುವುದು “ಸರ್ವಿಸ್” ಅನ್ನುವ ಒಂದೇ ಪದ. ಅದಕ್ಕೆ ಹೇಳುತ್ತೇನೆ, ಪಿಸಿ ಮನೆಗೆ ಬಂದ ದಿನವೇ ಬಯೋಸ್‌ನ ಪುಟಗಳ ಫೋಟೋ ತೆಗೆದಿಡಿ. ಹೆಚ್ಚಿನ ಬೋರ್ಡ್‌ಗಳಲ್ಲಿ ಪೆನ್‌ಡ್ರೈವ್ ಹಾಕಿ ಎಫ್12 ಒತ್ತಿದರೆ ಆ ಪುಟವೇ ಸೇವ್ ಆಗುತ್ತದೆ. ಸರ್ವಿಸ್‌ಗೆ ಬಂದವರು ಹೋಗುವ ಮೊದಲು ಇನ್ನೊಮ್ಮೆ ತೆಗೆಯಿರಿ. ಏನು ಬದಲಿಸಿದ್ದು, ಎಷ್ಟರಿಂದ ಎಷ್ಟಕ್ಕೆ ಅಂತ ಬಿಲ್ಲಿನ ಮೇಲೆ ಬರೆಸಿ ಸಹಿ ಹಾಕಿಸಿ. ಬರೆದು ಕೊಡಲು ಹಿಂಜರಿಯುವವರ ಕೈಗೆ ಬಯೋಸ್ ಕೊಡಬೇಡಿ.

ನಾನು ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಕಾಗದ ಪತ್ರ ಸೇರಿಸುತ್ತಿದ್ದೇನೆ. ತೊಂದರೆ ಆದ 2 ವರ್ಷದ ಒಳಗೆ ಕೊಡಬೇಕು. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ. ಮೊದಲು ವಿಚಾರಿಸಬೇಕು ಅನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಇದೇ ಥರ 1.40 ಹಾಕಿಸಿಕೊಂಡವರು ನಮ್ಮ ಮಂಗಳೂರು, ಉಡುಪಿ ಕಡೆ ಇನ್ನೂ ಯಾರಾದರೂ ಇದ್ದರೆ ಇವತ್ತೇ ನಿಮ್ಮ ವಿಕೋರ್ ಸಾಲು ನೋಡಿ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಆಮೇಲೆ ಅದನ್ನು ಆಟೋಗೆ ತನ್ನಿ.