ತಗಡಿನ ಮೇಲೆ ಜೋಡಿ ಬಾಣ: ಖಡೇಬಜಾರಿನ ಬೋರ್ಡ್ ಅಂಗಡಿಯ ಕೆಲಸ

ಬ್ರಿಟನ್ನಿನ ಸರ್ಕಾರಿ ರೈಲ್ವೆಯಾಗಿದ್ದ ‘ಬ್ರಿಟಿಷ್ ರೈಲು’ ಸಂಸ್ಥೆಯ ಜೋಡಿ ಬಾಣದ ಗುರುತನ್ನು ತಗಡಿನ ಮೇಲೆ ಬರೆಸಿ ಓದುವ ಕೋಣೆಯಲ್ಲಿ ತೂಗುಹಾಕಬೇಕೆಂಬುದು ನನ್ನ ಬಹುದಿನದ ಆಸೆ. ಬೆಳಗಾವಿಯ ಖಡೇಬಜಾರಿನ ಹಿಂದಿನ ಓಣಿಯೊಂದರಲ್ಲಿ ಇಂದಿಗೂ ಕುಂಚ ಹಿಡಿದೇ ಬೋರ್ಡ್ ಬರೆಯುವ ಅಂಗಡಿಯಿದೆ. ಒಂದೂವರೆ ಅಡಿ ಅಗಲದ ಫಲಕಕ್ಕೆ 1,600 ರೂಪಾಯಿ ಎಂದು ಮಾತಾಯಿತು.

ನೋಡಲು ಬಹಳ ಸರಳವಾದ ಗುರುತು ಇದು. ಹಳಿಗಳಂತೆ ಎರಡು ಅಡ್ಡಗೆರೆ, ಅವುಗಳ ಮೇಲೆ ಎರಡು ಕಡೆ ಮಡಿದ ಒಂದು ಓರೆಗೆರೆ. ಮೇಲಿನ ಬಾಣ ಬಲಕ್ಕೆ, ಕೆಳಗಿನದು ಎಡಕ್ಕೆ. ಲಂಡನ್ನಿನ ಡಿಸೈನ್ ರಿಸರ್ಚ್ ಯೂನಿಟ್ ಎಂಬ ವಿನ್ಯಾಸ ಸಂಸ್ಥೆಯಲ್ಲಿ ಅಕ್ಷರ ಬರೆಯುವ ಕೆಲಸದಲ್ಲಿದ್ದ ಜೆರ್ರಿ ಬಾರ್ನಿ ಇದನ್ನು ಸುರಂಗ ರೈಲಿನಲ್ಲಿ ಕೆಲಸಕ್ಕೆ ಹೋಗುತ್ತಾ ಲಕೋಟೆಯೊಂದರ ಹಿಂಬದಿಯಲ್ಲಿ ಗೀಚಿದರಂತೆ. 1965ರಲ್ಲಿ ಅದು ಇಡೀ ದೇಶದ ರೈಲ್ವೆಯ ಗುರುತಾಯಿತು.

ಸರಳತೆಯೇ ಮೊದಲ ಫಲಕವನ್ನು ಕೆಡಿಸಿತು. ಪೇಂಟರ್ ಸ್ಕೇಲು ಇಟ್ಟು, ಟೇಪು ಅಂಟಿಸಿ, ಎಲ್ಲ ಗೆರೆಗಳನ್ನೂ ಒಂದೇ ದಪ್ಪಕ್ಕೆ ಎಳೆದಿದ್ದರು. ಅಳತೆಯಲ್ಲಿ ತಪ್ಪಿರಲಿಲ್ಲ, ಆದರೂ ಓರೆಗೆರೆ ಸೊರಗಿದಂತೆ, ಮಡಿಕೆಯ ಬಳಿ ಬಣ್ಣ ಗಂಟುಕಟ್ಟಿದಂತೆ ಕಾಣುತ್ತಿತ್ತು. ಮೂಲದಲ್ಲಿ ಓರೆಗೆರೆಯ ದಪ್ಪ ಉದ್ದಕ್ಕೂ ಒಂದೇ ಅಲ್ಲ. ಕಣ್ಣಿಗೆ ಸಮವಾಗಿ ಕಾಣಲೆಂದೇ ಅದನ್ನು ತುಸು ತಿದ್ದಲಾಗಿದೆ. ದೊಡ್ಡದು ಮಾಡಿಸಿದ ಚಿತ್ರವನ್ನು ಮುಂದಿಟ್ಟಾಗ ಆ ಹಿರಿಯರು ಬಹಳ ಹೊತ್ತು ನೋಡಿ, ಟೇಪು ಬದಿಗಿಟ್ಟು, ಟ್ರೇಸಿಂಗ್ ಕಾಗದದ ಮೇಲೆ ಪೆನ್ಸಿಲಿನಿಂದ ಮತ್ತೆ ಬರೆದರು. ಎರಡನೆಯ ಫಲಕಕ್ಕೆ ಹೆಚ್ಚಿನ ದುಡ್ಡು ಕೇಳಲಿಲ್ಲ. ಕೆಂಪು ನೆಲದ ಮೇಲೆ ಬಿಳಿಯ ಅಂಚು ಎಲ್ಲಿಯೂ ಅಲುಗಿಲ್ಲ, ಹತ್ತಿರದಿಂದ ನೋಡಿದರೆ ಕುಂಚದ ಎಳೆ ನವಿರಾಗಿ ಕಾಣುತ್ತದೆ. ಇಂಥ ಕೈ ಈಗ ಅಪರೂಪ.

ದೂರುಗಳೂ ಇವೆ. ಹತ್ತು ದಿನವೆಂದದ್ದು ಮೂರು ವಾರವಾಯಿತು. ಬಣ್ಣ ಬಳಿದ ಮೇಲೆ ಮೊಳೆಗಾಗಿ ರಂಧ್ರ ಕೊರೆದದ್ದರಿಂದ ಅದರ ಸುತ್ತ ಸ್ವಲ್ಪ ಬಣ್ಣ ಎದ್ದಿದೆ, ಮೊದಲೇ ಕೊರೆಯಬೇಕಿತ್ತು.

ಈ ಗುರುತಿನ ಮೇಲೆ ನನಗೆ ಇಷ್ಟೊಂದು ಪ್ರೀತಿ ಏಕೆಂದರೆ, 1990ರ ದಶಕದಲ್ಲಿ ಬ್ರಿಟಿಷ್ ರೈಲು ಖಾಸಗಿಯವರಿಗೆ ಹಂಚಿಹೋಗಿ, ಒಂದೊಂದು ಕಂಪನಿ ಒಂದೊಂದು ಬಣ್ಣ ಬಳಿದುಕೊಂಡ ಮೇಲೂ, ನಿಲ್ದಾಣದ ಬಾಗಿಲಲ್ಲಿ, ಟಿಕೆಟ್ಟಿನ ಮೇಲೆ, ರಸ್ತೆಯ ಫಲಕಗಳಲ್ಲಿ ಅದು ಹಾಗೆಯೇ ಉಳಿಯಿತು. ಅದನ್ನು ಮಾಡಿಸಿದ ಸಂಸ್ಥೆ ಇಲ್ಲವಾಯಿತು, ಆದರೆ ದಾರಿ ಹುಡುಕುವವನಿಗೆ ಇಲ್ಲಿ ರೈಲು ಸಿಗುತ್ತದೆ ಎಂದು ಹೇಳುವ ಕೆಲಸ ನಿಲ್ಲಲಿಲ್ಲ. ಹಳದಿ ಹಲಗೆಯ ಮೇಲೆ ಕಪ್ಪಕ್ಷರದಲ್ಲಿ ‘ಬೆಳಗಾವಿ’ ಎಂದು ಕಂಡೊಡನೆ ಬ್ಯಾಗು ಇಳಿಸಲು ಏಳುವ ನಮಗೆ ಆ ನಂಬಿಕೆ ಹೊಸದಲ್ಲ.

ಹಣ ಕೊಡುವಾಗ ಪೇಂಟರಿಗೆ ಇನ್ನೊಂದು ಸಂಗತಿ ಹೇಳಿದೆ: ಆ ರೈಲ್ವೆಯ ಹಡಗುಗಳ ಚಿಮಣಿಯ ಎಡಬದಿಯಲ್ಲಿ, ಮೇಲಿನ ಬಾಣ ಹಡಗಿನ ಮುಂಭಾಗಕ್ಕೇ ತಿರುಗಿರಲೆಂದು, ಇದೇ ಗುರುತನ್ನು ಕನ್ನಡಿಯ ಬಿಂಬದಂತೆ ತಿರುಗಿಸಿ ಬರೆಯುತ್ತಿದ್ದರು. ಅವರು ಟ್ರೇಸಿಂಗ್ ಕಾಗದವನ್ನು ಎತ್ತಿ, ಮಗುಚಿ, ಬೆಳಕಿಗೆ ಹಿಡಿದರು. ಅದನ್ನೂ ಬರೆಯಲು ಹೇಳಿ ಬಂದಿದ್ದೇನೆ. ಈ ಬಾರಿ ರಂಧ್ರ ಮೊದಲೇ ಕೊರೆಯುತ್ತಾರೆ.